ಪೂಲ್ ಆಟದ ವಿಡಿಯೋ: ಮೆಗಾಪಿಕ್ಸೆಲ್ ಬಿಡಿ, ಶಟರ್ ನೋಡಿ

ಪ್ರಶ್ನೆ: ನನ್ನ ಪೂಲ್ (ಬಿಲಿಯರ್ಡ್ಸ್ ಥರದ ಟೇಬಲ್ ಆಟ) ಆಟವನ್ನು ರೆಕಾರ್ಡ್ ಮಾಡಿ ತಪ್ಪು ತಿದ್ದಿಕೊಳ್ಳಬೇಕು. ಬಜೆಟ್ ಕಡಿಮೆ. 48 ಮೆಗಾಪಿಕ್ಸೆಲ್, 4ಕೆ, 16 ಪಟ್ಟು ಜೂಮ್ ಇರುವ ಕ್ಯಾಮ್‌ಕಾರ್ಡರ್ ಬಹಳ ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಲೇ?

ಬೇಡ. ಎಷ್ಟು ಸಲ ಬರೆದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಪ್ರತಿ ಸಲವೂ ಅದೇ 48 ಮೆಗಾಪಿಕ್ಸೆಲ್. 4ಕೆ ವಿಡಿಯೋದ ಒಂದು ಫ್ರೇಮ್‌ಗೆ ಬೇಕಾಗುವುದೇ ಸುಮಾರು 8. ಇಂಥ ಅಗ್ಗದ ಪೆಟ್ಟಿಗೆಗಳಲ್ಲಿ ಎಷ್ಟೋ ಸಲ ಸಣ್ಣ ಚಿತ್ರವನ್ನೇ ಎಳೆದು ದೊಡ್ಡದು ಮಾಡಿ 4ಕೆ ಎಂದು ಅಂಟಿಸಿರುತ್ತಾರೆ. ಜೂಮ್ ಡಿಜಿಟಲ್ ಆಗಿದ್ದರೆ ಅದೂ ಚಿತ್ರ ಕತ್ತರಿಸಿ ಹಿಗ್ಗಿಸುವುದು ಅಷ್ಟೇ. ಇದು ಶುದ್ಧ ಮೋಸ.

ನಿಮ್ಮ ವಿಡಿಯೋ ಕೆಡುವುದು ಬೇರೆ ಕಡೆ. ಬ್ರೇಕ್‌ನಲ್ಲಿ, ಅಂದರೆ ಆಟ ಶುರು ಮಾಡುವ ಮೊದಲ ಹೊಡೆತದಲ್ಲಿ, ಬಿಳಿ ಚೆಂಡು ಸೆಕೆಂಡಿಗೆ 9 ಮೀಟರ್ ಓಡುತ್ತದೆ ಅಂದುಕೊಳ್ಳಿ. ಪ್ರತಿ ಫ್ರೇಮ್‌ಗೆ ಬೆಳಕು ಒಳಬಿಡುವ ಶಟರ್ 1/50 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಅದು 18 ಸೆಂ.ಮೀ. ಹೋಗಿರುತ್ತದೆ. ಚೆಂಡಿನ ಅಗಲ 5.7 ಸೆಂ.ಮೀ. ಅಂದರೆ ನಿಮಗೆ ಕಾಣುವುದು, ಚೆಂಡಿನ ಅಗಲವೂ ಸೇರಿ, ನಾಲ್ಕು ಚೆಂಡಿನಷ್ಟು ಉದ್ದದ ಬಿಳಿ ಗೀರು. 4ಕೆ ತಂದರೂ ಗೀರು ಗೀರೇ. 1/500ಕ್ಕೆ ಇಟ್ಟರೆ ಚೆಂಡು ಓಡುವ ದೂರ 2 ಸೆಂ.ಮೀ.ಗಿಂತ ಕಡಿಮೆ ಆಗುತ್ತದೆ, ಆದರೆ ಬೆಳಕು ಜಾಸ್ತಿ ಬೇಕು. ಕೆಲವು ದೀಪಗಳ ಕೆಳಗೆ ಪಟ್ಟೆ ಪಟ್ಟೆಯಾಗಿ ಮಿಣುಕುತ್ತದೆ ಕೂಡ. ಹಾಗಾದರೆ 50 ಹರ್ಟ್ಸ್ ಕರೆಂಟ್ ಇರುವಲ್ಲಿ 1/100, 60 ಹರ್ಟ್ಸ್ ಇರುವಲ್ಲಿ 1/120 ಇಡಿ. ಸಾಮಾನ್ಯ ಹೊಡೆತಕ್ಕೆ ಇಷ್ಟು ಸಾಕು.

ಹಾಗಾಗಿ ಮೊದಲು ಜೇಬಿನಲ್ಲಿರುವ ಫೋನ್ ತೆಗೆಯಿರಿ. ಶಟರ್, ಫೋಕಸ್, ಎಕ್ಸ್‌ಪೋಷರ್ (ಚಿತ್ರ ಎಷ್ಟು ಬೆಳ್ಳಗಿರಬೇಕು ಅನ್ನುವುದು) ಕೈಯಲ್ಲೇ ಹೊಂದಿಸುವ ಆ್ಯಪ್ ಹಾಕಿಕೊಳ್ಳಿ, ಮೂರನ್ನೂ ಲಾಕ್ ಮಾಡಿ. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಸುತ್ತಲಿನ ಕತ್ತಲೆ ನೋಡಿ ಚಿತ್ರವನ್ನು ಬೆಳ್ಳಗೆ ಮಾಡುತ್ತದೆ. ಬಿಳಿ ಚೆಂಡಿನ ಮೇಲೆ ಚುಕ್ಕೆಗಳಿದ್ದರೆ ಅವೆಲ್ಲ ಅಳಿಸಿಹೋಗುತ್ತವೆ. ಚುಕ್ಕೆ ಕಾಣದಿದ್ದರೆ ಸ್ಪಿನ್ ಹೇಗೆ ನೋಡುತ್ತೀರಿ?

ಇರುವ ದುಡ್ಡನ್ನು ಎತ್ತರದ, ಭಾರದ ಟ್ರೈಪಾಡ್‌ಗೆ ಹಾಕಿ. ಟೇಬಲ್‌ನ ಗಿಡ್ಡ ಬದಿಯಿಂದ 1 ಮೀಟರ್ ಹಿಂದೆ, ನೆಲದಿಂದ 2 ಮೀಟರ್ ಎತ್ತರದಲ್ಲಿ ಫೋನ್ ಇಟ್ಟರೆ ಆರು ಪಾಕೆಟ್‌ಗಳೂ ಫ್ರೇಮ್‌ನಲ್ಲಿ ಬರುತ್ತವೆ. ದೀಪ ಮಾತ್ರ ಫ್ರೇಮ್‌ನೊಳಗೆ ಬರದ ಹಾಗೆ ಫೋನನ್ನು ಬಗ್ಗಿಸಿ. ನಾನು ಮೊದಮೊದಲು ಉದ್ದ ಬದಿಯಲ್ಲಿ ಕುಶನ್ (ಟೇಬಲ್‌ನ ರಬ್ಬರ್ ಅಂಚು) ಎತ್ತರಕ್ಕೇ ಇಡುತ್ತಿದ್ದೆ. ವಿಡಿಯೋ ತುಂಬ ಆಟಗಾರರ ಬೆನ್ನು.

ಕೊಳ್ಳಲೇಬೇಕು ಅಂದರೆ ಬಳಸಿದ ಹಳೆಯ ಕ್ಯಾಮ್‌ಕಾರ್ಡರ್ ಹುಡುಕಿ. ಆಪ್ಟಿಕಲ್ ಜೂಮ್, ಸೆಕೆಂಡಿಗೆ 50 ಅಥವಾ 60 ಫ್ರೇಮ್, ಕೈಯಲ್ಲಿ ಹೊಂದಿಸುವ ಶಟರ್, ಚಾರ್ಜರ್ ಸಿಕ್ಕಿಸಿಕೊಂಡೇ ರೆಕಾರ್ಡ್ ಮಾಡುವ ಅನುಕೂಲ ಇರಲಿ. ಫೋಟೋ ಕ್ಯಾಮೆರಾ ಆದರೆ ಹುಷಾರು, ಎಷ್ಟೋ ಹಳೆಯ ಮಾಡೆಲ್‌ಗಳು 30 ನಿಮಿಷದೊಳಗೆ ತಾವಾಗಿಯೇ ನಿಲ್ಲುತ್ತವೆ.

ಪ್ರಶ್ನೆ: ಆ್ಯಕ್ಷನ್ ಕ್ಯಾಮೆರಾ ಆಗುತ್ತದಾ?

ಬಾಗಿದ ಗೆರೆಗಳನ್ನು ನೇರ ಮಾಡುವ ಲೀನಿಯರ್ ಮೋಡ್ ಇದ್ದರೆ ಆಗುತ್ತದೆ. ಇಲ್ಲದಿದ್ದರೆ ಕುಶನ್ ಬಿಲ್ಲಿನ ಹಾಗೆ ಬಾಗಿ, ಕೋನವೆಲ್ಲ ಸುಳ್ಳಾಗಿ ಕಾಣುತ್ತದೆ.

ಪ್ರಶ್ನೆ: ಮಿಣುಕನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ತೆಗೆಯಬಹುದಲ್ವಾ?

ಸುಮ್ನೆ ಸಮಯ ಹಾಳು. ಮೇಲೆ ಹೇಳಿದ ಹಾಗೆ ಶಟರ್ ಸರಿಮಾಡಿ.

ಪ್ರಶ್ನೆ: ಟೇಬಲ್ ಮೇಲಿನ ದೀಪಕ್ಕೇ ಕ್ಯಾಮೆರಾ ಕಟ್ಟಲೇ?

ಬೇಡವೇ ಬೇಡ. ದೀಪ ಚೂರು ತೂಗಿದರೂ ಚಿತ್ರವೆಲ್ಲ ಅಲುಗುತ್ತದೆ. ಕಟ್ಟು ಬಿಚ್ಚಿದರೆ ಕ್ಯಾಮೆರಾ ಬೀಳುವುದು ಹೊಡೆಯಲು ಬಗ್ಗಿದವರ ತಲೆಯ ಮೇಲೆ.