ಸ್ಥೂಲಕಾಯಕ್ಕೆ ಹೊಣೆ ಯಾರು: ತಿನ್ನುವವರೋ, ತಿನ್ನಿಸುವ ಊರೋ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ನಡೆಸುವ ನಿಮ್ಮ ಅಣ್ಣನವರಿಗೆ 38 ವರ್ಷ, ತೂಕ 102 ಕಿಲೊ. ಮನೆಯವರೆಲ್ಲ "ಬಾಯಿ ಕಟ್ಟಿದ್ರೆ ತಾನ ಇಳೀತೈತಿ" ಎನ್ನುತ್ತಾರೆ, ಅವರು "ಊರ ಹಿಂಗೈತಿ, ನಾನೊಬ್ಬನ ಏನ್ ಮಾಡ್ಲಿ" ಎನ್ನುತ್ತಾರೆ. ಇದರಲ್ಲಿ ಯಾರ ಮಾತು ಸರಿ, ಅಣ್ಣನಿಗೆ ಏನು ಹೇಳಬೇಕು ಎಂದು ಕೇಳಿದ್ದೀರಿ. ನಾನು ವೈದ್ಯಳಲ್ಲ, ಗಂಗಾವತಿಯಲ್ಲಿ ಪದವಿಪೂರ್ವ ಕಾಲೇಜಿನ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ, ಆರು ಜನರ ಮನೆಗೆ ಅಡುಗೆಯನ್ನೂ ಮಾಡುತ್ತೇನೆ. ನನ್ನ ಅಭಿಪ್ರಾಯದಲ್ಲಿ ತೂಕ ಏರಲು ಕಾರಣವಾದ ಸಂಗತಿಗಳಲ್ಲಿ ಹೆಚ್ಚಿನವು ನಿಮ್ಮ ಅಣ್ಣನವರ ಕೈಯಲ್ಲಿ ಇರಲಿಲ್ಲ. ಇನ್ನು ಮುಂದಿನ ಕೆಲಸದಲ್ಲಿ ಒಂದು ಪಾಲು ಖಂಡಿತವಾಗಿ ಅವರದು, ಆದರೆ ಅದಕ್ಕಿಂತ ಮೊದಲು ಆಗಬೇಕಾದ ಪಾಲು ನಿಮ್ಮ ಮನೆಯದು.

ಬಾಯಿ ಕಟ್ಟುವ ವಾದವನ್ನು ಮೊದಲು ಪರೀಕ್ಷಿಸೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 12.6ರಷ್ಟು ಮಂದಿ ಅಧಿಕ ತೂಕ ಅಥವಾ ಸ್ಥೂಲಕಾಯ ಹೊಂದಿದ್ದರು. 2019-21ರ ಸಮೀಕ್ಷೆಯಲ್ಲಿ ಆ ಪ್ರಮಾಣ ಶೇ 24. ಪುರುಷರಲ್ಲಿ ಶೇ 9.3 ಇದ್ದದ್ದು ಶೇ 22.9 ಆಯಿತು. ಹದಿನೈದು ವರ್ಷಗಳಲ್ಲಿ ಒಂದು ದೇಶದ ಜನರ ವಂಶವಾಹಿಗಳು ಬದಲಾಗುವುದಿಲ್ಲ; ಅಷ್ಟೇ ಅವಧಿಯಲ್ಲಿ ಕೋಟ್ಯಂತರ ಜನ ಒಮ್ಮೆಲೇ ಸೋಮಾರಿಗಳೂ ಹೊಟ್ಟೆಬಾಕರೂ ಆಗಿಬಿಟ್ಟರು ಎಂದು ನಂಬುವುದೂ ಕಷ್ಟ. ಅದೇ ಸಮೀಕ್ಷೆಯಲ್ಲಿ ನಗರದ ಮಹಿಳೆಯರ ಪ್ರಮಾಣ ಶೇ 33ರಷ್ಟಿದ್ದರೆ ಹಳ್ಳಿಯವರದು ಶೇ 20ರ ಆಸುಪಾಸಿನಲ್ಲಿದೆ. ನಗರದವರಿಗೆ ಸಂಯಮ ಕಡಿಮೆ ಎಂದು ಇದಕ್ಕೆ ಅರ್ಥ ಹೇಳುವವರನ್ನು ನಾನಂತೂ ಕಂಡಿಲ್ಲ. ಸುತ್ತಲಿನ ಬದುಕು ಬೇರೆ ಎಂದೇ ಎಲ್ಲರೂ ಒಪ್ಪುತ್ತಾರೆ. ದೇಶದ ವಿಷಯದಲ್ಲಿ ಸುಲಭವಾಗಿ ಒಪ್ಪುವ ಈ ಮಾತನ್ನು ನಮ್ಮ ಮನೆಯ ಒಬ್ಬ ವ್ಯಕ್ತಿಯ ವಿಷಯದಲ್ಲಿ ಮಾತ್ರ ಮರೆತುಬಿಡುತ್ತೇವೆ.

ನಿಮ್ಮ ತಾತನವರು ಐದಾರು ರೊಟ್ಟಿ ತಿಂದೂ ಸಣಕಲಾಗಿಯೇ ಇದ್ದರು ಎಂದು ಬರೆದಿದ್ದೀರಿ. ಅದು ಅವರ ಶಿಸ್ತಿಗೆ ಸಾಕ್ಷಿ ಎಂಬುದು ನಿಮ್ಮ ನಂಬಿಕೆ. ನನಗೆ ಅದರಲ್ಲಿ ಅವರ ಕಾಲದ ಹೊಲ ಮತ್ತು ಒಲೆ ಹೆಚ್ಚಾಗಿ ಕಾಣುತ್ತವೆ. ತುಂಗಭದ್ರೆಯ ನೀರು 1953ರಲ್ಲಿ ಕಾಲುವೆಗೆ ಬರುವ ಮೊದಲು ನಮ್ಮ ಎರೆಹೊಲಗಳಲ್ಲಿ ಮುಖ್ಯವಾಗಿ ಜೋಳ, ಹತ್ತಿ, ಕಡಲೆ, ಶೇಂಗಾ ಬೆಳೆಯುತ್ತಿದ್ದರು, ಅನ್ನವು ಹೆಚ್ಚಿನ ಮನೆಗಳಲ್ಲಿ ಹಬ್ಬದ ಊಟವಾಗಿತ್ತು. ಯೋಜನೆ ರೂಪಿಸಿದವರ ಲೆಕ್ಕದಲ್ಲಿ ಈ ನೀರಿನ ದೊಡ್ಡ ಪಾಲು ಕಡಿಮೆ ನೀರು ಸಾಕಾಗುವ ಅರೆ ನೀರಾವರಿ ಬೆಳೆಗಳಿಗೆ ಮೀಸಲಾಗಿತ್ತು; ಆದರೆ ಭತ್ತದ ಆದಾಯ ಎಲ್ಲರನ್ನೂ ಸೆಳೆಯಿತು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು, ಅಕ್ಕಿ ಗಿರಣಿಗಳು ಬಂದವು, ನಮ್ಮ ಗಂಗಾವತಿಗೆ ಭತ್ತದ ಕಣಜ ಎಂಬ ಹೆಸರು ಬಂತು. 2013ರಲ್ಲಿ ಅನ್ನಭಾಗ್ಯ ಯೋಜನೆ ಆರಂಭವಾದ ಮೇಲೆ ಬಡವರ ಮನೆಯಲ್ಲೂ ಅಕ್ಕಿಯೇ ದಿನದ ಆಹಾರವಾಗಿ ನೆಲೆನಿಂತಿತು. ಆ ಯೋಜನೆಯನ್ನು ಹಳಿಯುವ ಉದ್ದೇಶ ನನಗಿಲ್ಲ. ಬರ ಮತ್ತು ಮಕ್ಕಳ ಅಪೌಷ್ಟಿಕತೆ ಎರಡನ್ನೂ ಬಲ್ಲ ಜಿಲ್ಲೆಗಳಲ್ಲಿ ಹೊಟ್ಟೆ ತುಂಬಿಸುವ ಯೋಜನೆಯನ್ನು ಟೀಕಿಸುವುದು ಹೊಟ್ಟೆ ತುಂಬಿದವರಿಗಷ್ಟೇ ಸುಲಭ. ಆದರೂ ಪರಿಣಾಮವನ್ನು ಹೇಳಲೇಬೇಕು. ಜೋಳಕ್ಕೂ ಅಕ್ಕಿಗೂ ಕ್ಯಾಲೊರಿಯಲ್ಲಿ ದೊಡ್ಡ ಅಂತರವಿಲ್ಲ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 3 ಗ್ರಾಮಿನೊಳಗೇ ಇರುತ್ತದೆ. ಪುಂಡಿಪಲ್ಯವನ್ನೋ ಕಾಳಿನ ಪಲ್ಯವನ್ನೋ ಹಚ್ಚಿಕೊಂಡು ರೊಟ್ಟಿಯನ್ನು ಅಗಿದು ತಿನ್ನುವವರಿಗೆ ಮೂರನೆಯ ರೊಟ್ಟಿಯ ಹೊತ್ತಿಗೆ ಸಾಕೆನಿಸುತ್ತದೆ, ಮೆತ್ತಗಿನ ಅನ್ನಕ್ಕೆ ಸಾರು ಸುರಿದುಕೊಂಡವರಿಗೆ ಅಷ್ಟು ಬೇಗ ಹಾಗೆ ಅನಿಸುವುದಿಲ್ಲ. ತಾತನವರು ಐದಾರು ರೊಟ್ಟಿ ತಿಂದದ್ದು ಎತ್ತಿನ ಹಿಂದೆ ನಡೆದು, ಮಡಿಕೆ (ನೇಗಿಲು) ಹೊಡೆದು ಬಂದ ಮೇಲೆ. ನಿಮ್ಮ ಅಣ್ಣನವರು ಬೆಳಿಗ್ಗೆಯಿಂದ ರಾತ್ರಿಯವರೆಗೆ ಗಲ್ಲೆಯ ಮುಂದೆ ಕೂತಿರುತ್ತಾರೆ, ಚೀಲ ಹೊರುವವರು ಹಮಾಲರು. ನಲವತ್ತು ಡಿಗ್ರಿ ದಾಟುವ ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಅವರಿಗೆ ನಡೆಯಲು ಹೇಳುವುದಾದರೆ ಬೆಳಗಿನ ಏಳರೊಳಗೆ ಅಥವಾ ಸಂಜೆ ಆರರ ಮೇಲೆ ಹೇಳಬೇಕು, ಎರಡೂ ಹೊತ್ತು ಅವರಿಗೆ ಬಿಡುವಿದೆಯೇ ಎಂದೂ ಕೇಳಬೇಕು.

ಇನ್ನು ನಮ್ಮ ನಾಲಿಗೆಯ ವಿಷಯ. ಬಳ್ಳಾರಿಯಿಂದ ರಾಯಚೂರಿನವರೆಗೆ ಬೆಳಗಿನ ತಿಂಡಿ ಎಂದರೆ ವಗ್ಗರಣಿ-ಮಿರ್ಚಿ. ನನಗೂ ಅದು ಇಷ್ಟ, ಬಿಡಿ ಎಂದು ಯಾರಿಗೂ ಹೇಳುವ ಧೈರ್ಯ ನನಗಿಲ್ಲ. ತೋಯಿಸಿ ಒಗ್ಗರಣೆ ಹಾಕಿದ ಮಂಡಕ್ಕಿ ಹಗುರವಾದದ್ದೇ. ತೂಕ ಏರಿಸುವುದು ಅದರ ಜೊತೆಗೆ ಬರುವ ಮಿರ್ಚಿಯ ಕಡಲೆಹಿಟ್ಟು ಹೀರಿಕೊಂಡ ಎಣ್ಣೆ. ಎಣ್ಣೆಯ ಪ್ರತಿ ಗ್ರಾಮಿನಲ್ಲಿ 9 ಕ್ಯಾಲೊರಿ ಇದೆ, ಅನ್ನ-ರೊಟ್ಟಿಗಳ ಪಿಷ್ಟದಲ್ಲಿ ಇರುವುದು 4. ಒಬ್ಬರಿಗೆ ದಿನಕ್ಕೆ 20ರಿಂದ 30 ಗ್ರಾಂ ಎಣ್ಣೆ ಸಾಕು ಎಂಬುದು ಪೋಷಣೆಯ ತಜ್ಞರ ಸಾಮಾನ್ಯ ಸಲಹೆ. ಆರು ಜನರ ಮನೆಗೆ ತಿಂಗಳಿಗೆ ಹತ್ತು ಲೀಟರ್ ಎಣ್ಣೆ ಖರ್ಚಾದರೆ ತಲೆಗೆ ದಿನಕ್ಕೆ ಸುಮಾರು 50 ಗ್ರಾಂ ಬೀಳುತ್ತದೆ, ಅಂದರೆ ಅಗತ್ಯಕ್ಕಿಂತ ಇನ್ನೂರು ಕ್ಯಾಲೊರಿಯಷ್ಟು ಹೆಚ್ಚು, ಅದೂ ಹೊರಗಿನ ಮಿರ್ಚಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ. ಈ ಲೆಕ್ಕವನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ನಿಮ್ಮ ಅಣ್ಣನವರ ತಟ್ಟೆಗೆ ಬೀಳುವ ಎಣ್ಣೆಯನ್ನು ಅವರು ಅಳೆಯುವುದಿಲ್ಲ. ಕಿರಾಣಿ ಚೀಟಿ ಬರೆಯುವವರು ಮತ್ತು ಒಲೆಯ ಮುಂದೆ ನಿಲ್ಲುವವರು ಅಳೆಯುತ್ತಾರೆ. ಹೀಗಿರುವಾಗ ಬಾಯಿ ಕಟ್ಟು ಎಂಬ ಉಪದೇಶ ಬಾಯಿಯ ಒಡೆಯನೊಬ್ಬನಿಗೇ ಏಕೆ ಹೋಗುತ್ತದೆ ಎಂಬುದು ನನ್ನ ಪ್ರಶ್ನೆ. ಮದುವೆ-ಸೀಮಂತಗಳ ಪಂಕ್ತಿಯಲ್ಲಿ ಬೇಡವೆಂದರೂ ಮತ್ತೊಂದು ಹೋಳಿಗೆ ಇಟ್ಟು ತುಪ್ಪ ಸುರಿದು, "ಇಷ್ಟೂ ತಿನ್ನಂಗಿಲ್ಲೇನ?" ಎಂದು ಮುನಿಸಿಕೊಳ್ಳುವ ದೊಡ್ಡಮ್ಮಂದಿರೇ ಕೈ ತೊಳೆಯುವ ಹೊತ್ತಿಗೆ "ಎಷ್ಟ್ ದಪ್ಪ ಆಗೀಯಪ್ಪಾ" ಎನ್ನುವುದನ್ನು ನೀವೂ ಕೇಳಿರುತ್ತೀರಿ.

ತಿನ್ನುವ ಪ್ರಮಾಣವನ್ನು ಇಚ್ಛಾಶಕ್ತಿಯೊಂದೇ ತೀರ್ಮಾನಿಸುವುದಿಲ್ಲ ಎಂಬುದಕ್ಕೆ ಪ್ರಯೋಗಗಳ ಆಧಾರವೂ ಇದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಪ್ಪತ್ತು ಜನರನ್ನು ಸಂಸ್ಥೆಯಲ್ಲೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರವನ್ನೂ ಎರಡು ವಾರ ಸಾದಾ ಆಹಾರವನ್ನೂ ಕೊಟ್ಟರು. ಬಡಿಸಿದ ಊಟಗಳಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸರಿಸಮವಾಗಿದ್ದವು, ಬೇಕಾದಷ್ಟು ತಿನ್ನುವ ಸ್ವಾತಂತ್ರ್ಯವೂ ಇತ್ತು. ಸಂಸ್ಕರಿಸಿದ ಆಹಾರದ ವಾರಗಳಲ್ಲಿ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಹೆಚ್ಚುಕಡಿಮೆ ಒಂದು ಕಿಲೊ ತೂಕ ಏರಿಸಿಕೊಂಡರು. ಕೆನಡಾದ ಕ್ಲಾಡ್ ಬುಶಾರ್ 1990ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೊಂದು ಬಗೆಯದು. ಹನ್ನೆರಡು ಜೋಡಿ ತದ್ರೂಪಿ ಅವಳಿ ಯುವಕರಿಗೆ ವಾರಕ್ಕೆ ಆರು ದಿನದಂತೆ ನೂರು ದಿನಗಳ ಅವಧಿಯಲ್ಲಿ ದಿನಕ್ಕೆ 1000 ಕ್ಯಾಲೊರಿ ಹೆಚ್ಚುವರಿಯಾಗಿ ಉಣಿಸಿದಾಗ, ಒಬ್ಬನ ತೂಕ 4.3 ಕಿಲೊ ಮಾತ್ರ ಏರಿತು, ಇನ್ನೊಬ್ಬನದು 13.3 ಕಿಲೊ ಏರಿತು. ಒಂದೇ ಜೋಡಿಯ ಅವಳಿಗಳು ಮಾತ್ರ ಬಹುಮಟ್ಟಿಗೆ ಒಂದೇ ರೀತಿ ಏರಿದರು. ಅದೇ ಮನೆಯಲ್ಲಿ ಅದೇ ಊಟ ಉಂಡ ನೀವು ಸಣ್ಣಗಿದ್ದೀರಿ ಎಂಬುದರಿಂದ ಅಣ್ಣನವರ ಗುಣದ ಬಗ್ಗೆ ಏನೂ ಸಾಬೀತಾಗುವುದಿಲ್ಲ. ನಿಮ್ಮ ಸಣ್ಣ ಮೈಯೂ ಅಷ್ಟೇನೂ ಭರವಸೆಯದಲ್ಲ: ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ ತಮ್ಮದೇ ದೇಹಗಳನ್ನು ಅಳೆದು 2004ರಲ್ಲಿ ತೋರಿಸಿದಂತೆ, ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 22.3 ಇದ್ದರೂ ಯುಡ್ಕಿನ್ ಅವರಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2 ಇತ್ತು.

ಹಾಗೆಂದು ನಿಮ್ಮ ಅಣ್ಣನವರ ಮಾತನ್ನು ಪೂರ್ತಿ ಒಪ್ಪಲಾರೆ. ಊರು ಹೀಗಿದೆ ಎಂಬುದು ನಿಜ. ಅದೇ ಊರಿನಲ್ಲಿ ದಿನಕ್ಕೆ ಎಂಟು ಸಲ ಸಕ್ಕರೆಯ ಚಹಾ ಕುಡಿಯುವುದೋ ಮೂರು ಸಲವೋ, ಇನ್ನೂರು ಹೆಜ್ಜೆ ದೂರದ ಬ್ಯಾಂಕಿಗೆ ಬೈಕ್ ತೆಗೆಯುವುದೋ ನಡೆಯುವುದೋ ಎಂಬ ತೀರ್ಮಾನಗಳು ಅವರ ಕೈಯಲ್ಲೇ ಇವೆ. ವ್ಯಕ್ತಿಯ ಪ್ರಯತ್ನದಿಂದ ಫಲ ಸಿಗುತ್ತದೆ ಎಂಬುದಕ್ಕೂ ದಾಖಲೆ ಇದೆ. ಮಧುಮೇಹದ ಅಂಚಿನಲ್ಲಿದ್ದವರ ಮೇಲೆ ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ತೂಕವನ್ನು ಶೇ 7ರಷ್ಟು ಇಳಿಸಿ ವಾರಕ್ಕೆ 150 ನಿಮಿಷ ನಡೆಯುವ ಗುರಿ ಪಡೆದ ಗುಂಪಿನಲ್ಲಿ ಮಧುಮೇಹ ಬರುವ ಸಂಭವ ಶೇ 58ರಷ್ಟು ತಗ್ಗಿತು. ಚೆನ್ನೈನಲ್ಲಿ ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಭಾರತೀಯ ಅಧ್ಯಯನದಲ್ಲೂ ಇದು ಶೇ 28ರಷ್ಟು ಇಳಿಯಿತು. ಆದರೆ ಈ ಫಲ ಹೇಗೆ ಬಂತು ಎಂಬುದನ್ನೂ ಗಮನಿಸಬೇಕು: ಅಮೆರಿಕದ ಅಧ್ಯಯನದಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕರಿದ್ದರು, ಮೊದಲ ಆರು ತಿಂಗಳಲ್ಲೇ ಹದಿನಾರು ಪಾಠಗಳಿದ್ದವು. ಯಾರನ್ನೂ "ಬಾಯಿ ಕಟ್ಟು" ಎಂದು ಹೇಳಿ ಮನೆಗೆ ಕಳುಹಿಸಿರಲಿಲ್ಲ. ಕಾಲುವೆಯ ಮೇಲ್ಭಾಗದವರು ನೀರನ್ನೆಲ್ಲ ಹಿಡಿದು ಭತ್ತ ನಾಟಿ ಮಾಡಿಕೊಂಡು, ಕೊನೆಯ ಭಾಗದ ರೈತನ ಪೈರು ಒಣಗಿದಾಗ ಅವನಿಗೆ ಒಕ್ಕಲುತನ ಬರುವುದಿಲ್ಲ ಎಂದರೆ ನಾವು ಒಪ್ಪುತ್ತೇವೆಯೇ? ಅವನೂ ಉಳಬೇಕು, ಬಿತ್ತಬೇಕು. ಆದರೆ ಮೇಲಿನ ತೂಬಿನ ಲೆಕ್ಕ ಕೇಳದೆ ಅವನ ಶ್ರಮದ ಲೆಕ್ಕ ಕೇಳುವುದು ನ್ಯಾಯವಲ್ಲ.

ಸರ್ಕಾರದ ಪಾತ್ರದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕೇರಳ 2016ರಲ್ಲಿ ಬ್ರ್ಯಾಂಡೆಡ್ ರೆಸ್ಟೋರೆಂಟುಗಳ ಪಿಜ್ಜಾ-ಬರ್ಗರ್‌ಗಳ ಮೇಲೆ ಶೇ 14.5 ತೆರಿಗೆ ಹಾಕಿತ್ತು, ಮರುವರ್ಷ ಜಿಎಸ್‌ಟಿ ಬಂದಾಗ ಅದು ಮುಗಿದುಹೋಯಿತು. ಅಂಥ ತೆರಿಗೆ ಸಿಂಧನೂರಿನ ಬಂಡಿಯ ಮಿರ್ಚಿಯನ್ನೂ ಹತ್ತು ರೂಪಾಯಿಯ ಚಿಪ್ಸ್ ಪೊಟ್ಟಣವನ್ನೂ ಮುಟ್ಟುವುದಿಲ್ಲ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿಂಡಿಗಳನ್ನು ಮಾರಬಾರದು ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮ ಇದಕ್ಕಿಂತ ಮೇಲು. ಅದು ನಮ್ಮ ಊರುಗಳಲ್ಲಿ ಜಾರಿಯಾದರೆ ನಿಮ್ಮ ಅಣ್ಣನವರಿಗಲ್ಲದಿದ್ದರೂ ಅವರ ಮಕ್ಕಳಿಗೆ ಉಪಯೋಗವಾದೀತು.

ಅಣ್ಣನವರಿಗೆ ಏನು ಹೇಳಬೇಕು ಎಂದು ಕೇಳಿದ್ದೀರಿ. ಮೊದಲು ನೆಂಟರ ಎದುರಿಗೆ ತೂಕದ ಮಾತು ನಿಲ್ಲಲಿ, ಅವಮಾನದಿಂದ ಯಾರೂ ತೆಳ್ಳಗಾಗುವುದಿಲ್ಲ. ಮನೆಗೆ ತರುವ ಎಣ್ಣೆಯನ್ನು ತಿಂಗಳಿಗೆ ಆರು ಲೀಟರ್‌ಗೆ ಇಳಿಸುವ ಕೆಲಸವನ್ನು ಅವರಿಗೆ ತಿಳಿಸುವ ಅಗತ್ಯವೂ ಇಲ್ಲದೆ ನೀವೇ ಆರಂಭಿಸಬಹುದು. ರಾತ್ರಿಯ ಊಟಕ್ಕೆ ರೊಟ್ಟಿ ಮರಳಿ ಬಂದರೆ ಒಳ್ಳೆಯದು. ಅದನ್ನು ಬಡಿಯುವ ಕೆಲಸವನ್ನು ಅತ್ತಿಗೆಯವರ ತಲೆಗೇ ಕಟ್ಟದೆ, ಮಾರುವ ಹೆಂಗಸರಿಂದ ಖಡಕ್ ರೊಟ್ಟಿ ಕೊಂಡು ತಂದರೂ ಆದೀತು. ಅಂಗಡಿಯಲ್ಲಿ ಸಂಜೆ ಒಂದು ತಾಸು ನೀವು ಕೂತರೆ ಅವರು ನಡೆಯಲು ಹೋಗಬಹುದು, ಬರೀ "ವಾಕಿಂಗ್ ಮಾಡು" ಎನ್ನುವುದಕ್ಕಿಂತ ಇದು ದೊಡ್ಡ ಸಹಾಯ. ಜೊತೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತದೊತ್ತಡ, ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ರಾತ್ರಿ ಜೋರಾಗಿ ಗೊರಕೆ ಹೊಡೆದು ಹಗಲು ತೂಕಡಿಸುತ್ತಾರೆಯೇ, ತೂಕ ಏರಿಸುವ ಸ್ಟೀರಾಯ್ಡಿನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂಬುದನ್ನೂ ವೈದ್ಯರಿಗೆ ತಿಳಿಸಿ. ಕಳೆದ ಕೆಲವು ವರ್ಷಗಳಲ್ಲಿ ಹೆಸರು ಮಾಡಿರುವ ಹಸಿವು ತಗ್ಗಿಸುವ ಚುಚ್ಚುಮದ್ದುಗಳ ವಿಷಯವನ್ನು ವೈದ್ಯರೇ ತೀರ್ಮಾನಿಸಲಿ, ಮೆಡಿಕಲ್ ಶಾಪಿನವರಲ್ಲ. ಇವೆಲ್ಲ ಆದ ಮೇಲೆ ಚಹಾದ ಸಕ್ಕರೆ, ಬೈಕು, ಎರಡನೆಯ ಪ್ಲೇಟು ಮಿರ್ಚಿಗಳ ಬಗ್ಗೆ ಅವರನ್ನು ಕೇಳುವ ಹಕ್ಕು ನಿಮಗೆ ಬರುತ್ತದೆ. ಗುರಿಯನ್ನೂ ಸಣ್ಣದಾಗಿಡಿ: 102 ಕಿಲೊ ಇದ್ದವರು 95ಕ್ಕೆ ಬಂದು ಅಲ್ಲೇ ನಿಂತರೂ ಸಕ್ಕರೆ ಮತ್ತು ರಕ್ತದೊತ್ತಡದಲ್ಲಿ ಗುಣ ಕಾಣುವ ಸಾಧ್ಯತೆ ಹೆಚ್ಚು. ಮದುವೆಯ ಫೋಟೊದಲ್ಲಿದ್ದಂತೆ ಮತ್ತೆ 70 ಕಿಲೊ ಆಗಬೇಕು ಎಂಬ ಒತ್ತಾಯವನ್ನು ಮನೆಯವರು ಕೈಬಿಡಬೇಕು.