ಸಿಟಿಸಿಎಫ್ ಜೀನ್ ನಿಜವಾಗಿ ಮಾಡುವ ಕೆಲಸ ಯಾವುದು?

ಸಿಟಿಸಿಎಫ್ ಬೇರೆ ಜೀನ್‌ಗಳನ್ನು ಆಫ್ ಮಾಡುತ್ತದೆ ಅಂತ ಒಂದು ಕಡೆ, ಆನ್ ಮಾಡುತ್ತದೆ ಅಂತ ಇನ್ನೊಂದು ಕಡೆ, ಡಿಎನ್‌ಎ ಮಡಚುತ್ತದೆ ಅಂತ ಮತ್ತೊಂದು ಕಡೆ ಓದಿದೆ, ಯಾವುದನ್ನು ನಂಬಲಿ ಅಂತ ಕೇಳಿದ್ದೀರಿ. ಮೂರನ್ನೂ ನಂಬಿ. ಆದರೆ ಮೂರನೆಯದನ್ನು ಮೊದಲು ಹಿಡಿದುಕೊಳ್ಳಿ, ಆಗ ಉಳಿದೆರಡು ಸುಲಭವಾಗಿ ಅರ್ಥವಾಗುತ್ತವೆ.

ಈ ಜೀನ್ ಇರುವುದು 16ನೇ ಕ್ರೋಮೋಸೋಮ್‌ನಲ್ಲಿ. ಅದರ ಪ್ರೋಟೀನ್‌ನಲ್ಲಿ 727 ಅಮೈನೋ ಆಮ್ಲಗಳು, ನಡುವೆ ಸಾಲಾಗಿ 11 ಜಿಂಕ್ ಫಿಂಗರ್‌ಗಳು. ಒಂದೊಂದು ಫಿಂಗರ್ ಕೂಡ ಒಂದು ಸತುವಿನ ಅಯಾನಿನ ಸುತ್ತ ಮಡಚಿಕೊಂಡ ಚಿಕ್ಕ ತುಣುಕು, ಡಿಎನ್‌ಎಯ ಸುಮಾರು ಮೂರು ಅಕ್ಷರಗಳನ್ನು ಗುರುತಿಸುತ್ತದೆ. 1990ರಲ್ಲಿ ಈ ಪ್ರೋಟೀನ್ ಮೊದಲು ಸಿಕ್ಕಿದ್ದು ಕೋಳಿಯಲ್ಲಿ, ಮಿಕ್ ಅನ್ನೋ ಇನ್ನೊಂದು ಜೀನ್ ಪಕ್ಕದ ಡಿಎನ್‌ಎಗೆ ಅಂಟಿಕೊಳ್ಳುವ ಪ್ರೋಟೀನ್ ಆಗಿ. ಆಗ ಇದನ್ನು ಜೀನ್ ನಿಯಂತ್ರಿಸುವ ಮಾಮೂಲಿ ಪ್ರೋಟೀನ್ ಅಂದುಕೊಂಡರು. ಆಮೇಲೆ ನೋಡಿದರೆ ಮನುಷ್ಯನ ಜೀನೋಮ್‌ನಲ್ಲಿ ಹತ್ತಾರು ಸಾವಿರ ಕಡೆ ಕೂತಿದೆ!

ಒಂದು ಜಾಗವನ್ನು ಹತ್ತಿರದಿಂದ ನೋಡೋಣ. 11ನೇ ಕ್ರೋಮೋಸೋಮ್‌ನಲ್ಲಿ ಐಜಿಎಫ್2 ಮತ್ತು ಎಚ್19 ಅಂತ ಎರಡು ಜೀನ್‌ಗಳು ಅಕ್ಕಪಕ್ಕ ಇವೆ. ಎರಡನ್ನೂ ಚುರುಕುಗೊಳಿಸುವ ಎನ್‌ಹಾನ್ಸರ್ ಅನ್ನೋ ಡಿಎನ್‌ಎ ತುಣುಕುಗಳು ಎಚ್19ರ ಆಚೆ ಬದಿಗಿವೆ. ತಾಯಿಯಿಂದ ಬಂದ ಪ್ರತಿಯಲ್ಲಿ ಸಿಟಿಸಿಎಫ್ ಈ ಎರಡು ಜೀನ್‌ಗಳ ನಡುವೆ ಬಂದು ಕೂರುತ್ತದೆ, ಎನ್‌ಹಾನ್ಸರ್ ಐಜಿಎಫ್2ವನ್ನು ಮುಟ್ಟಲು ಆಗುವುದಿಲ್ಲ, ಹಾಗಾಗಿ ಎಚ್19 ಮಾತ್ರ ನಡೆಯುತ್ತದೆ. ತಂದೆಯ ಪ್ರತಿಯಲ್ಲಿ ಅದೇ ಜಾಗಕ್ಕೆ ಮೀಥೈಲ್ ಗುಂಪುಗಳು ಅನ್ನೋ ಚಿಕ್ಕ ರಾಸಾಯನಿಕ ಗುರುತುಗಳು ಅಂಟಿಕೊಂಡಿರುತ್ತವೆ. ಅಲ್ಲಿ ಸಿಟಿಸಿಎಫ್‌ಗೆ ಕೂರಲು ಆಗುವುದೇ ಇಲ್ಲ, ಐಜಿಎಫ್2 ಆನ್ ಆಗುತ್ತದೆ. ಅಕ್ಷರಗಳು ಎರಡರಲ್ಲೂ ಒಂದೇ, ಫಲಿತಾಂಶ ಮಾತ್ರ ತಿರುಗಾಮುರುಗಾ. ತಾಯಿಯ ಪ್ರತಿಯಲ್ಲೂ ಮೀಥೈಲ್ ಅಂಟಿಕೊಂಡರೆ ಎರಡೂ ಕಡೆ ಐಜಿಎಫ್2 ನಡೆದು ಮಗುವಿನ ಬೆಳವಣಿಗೆ ಮಿತಿಮೀರುತ್ತದೆ. ಬೆಕ್‌ವಿತ್-ವೀಡೆಮನ್ ಸಿಂಡ್ರೋಮ್ ಅನ್ನೋ ಅತಿ ಬೆಳವಣಿಗೆಯ ಕಾಯಿಲೆಗೆ ಇದೂ ಒಂದು ಕಾರಣ.

ಇಲ್ಲಿ ತಡೆ ಹಾಕುವುದು ಹೇಗೆ ಅಂದರೆ, ಕೊಹೆಸಿನ್ ಅನ್ನೋ ಉಂಗುರದಂಥ ಪ್ರೋಟೀನ್ ಸಂಕೀರ್ಣ ಡಿಎನ್‌ಎಯನ್ನು ತನ್ನೊಳಗಿಂದ ಎಳೆಯುತ್ತಾ ಕುಣಿಕೆ ಮಾಡುತ್ತಾ ಹೋಗುತ್ತದೆ, ದಾರಿಯಲ್ಲಿ ಸಿಟಿಸಿಎಫ್ ಸಿಕ್ಕಿದರೆ ಅಲ್ಲಿ ನಿಲ್ಲುತ್ತದೆ. ಎರಡು ಸಿಟಿಸಿಎಫ್‌ಗಳು ಎದುರುಬದುರಾಗಿ ಮುಖ ಮಾಡಿದ್ದರೆ ಕುಣಿಕೆ ಗಟ್ಟಿಯಾಗಿ ನಿಲ್ಲುತ್ತದೆ. ಸಿಟಿಸಿಎಫ್ ಕೂರುವ ಅಕ್ಷರಗಳನ್ನು ಕ್ರಿಸ್ಪರ್ ಅನ್ನೋ ಡಿಎನ್‌ಎ ತಿದ್ದುವ ವಿಧಾನದಿಂದ ಉಲ್ಟಾ ಮಾಡಿ ಕೂರಿಸಿ ನೋಡಿದ್ದಾರೆ, ಕುಣಿಕೆಯೇ ಬದಲಾಯಿತು. ಇಡೀ ವಿಷಯದಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ಇದೇ. ಈಗ ಆನ್-ಆಫ್ ಗೊಂದಲ ಬಿಡುತ್ತದೆ ಅಲ್ವಾ? ಕುಣಿಕೆ ಎನ್‌ಹಾನ್ಸರನ್ನು ಹೊರಗಿಟ್ಟರೆ ಜೀನ್ ಆಫ್, ದೂರದ ಎನ್‌ಹಾನ್ಸರನ್ನು ಹತ್ತಿರ ತಂದರೆ ಆನ್. ನರಕೋಶಗಳ ಪ್ರೊಟೊಕ್ಯಾಡ್ಹೆರಿನ್ ಜೀನ್‌ಗಳಲ್ಲಿ ಆಗುವುದು ಎರಡನೆಯದು.

ಆದರೂ ಎಲ್ಲವನ್ನೂ ಕುಣಿಕೆಯ ತಲೆಗೆ ಕಟ್ಟಬೇಡಿ. 2017ರಲ್ಲಿ ಇಲಿಯ ಭ್ರೂಣದ ಕಾಂಡಕೋಶಗಳಲ್ಲಿ ಸಿಟಿಸಿಎಫ್ ಪ್ರೋಟೀನನ್ನು ಬೇಗನೆ ಕರಗಿಸಿ ನೋಡಿದರು. ಕುಣಿಕೆಗಳೇನೋ ಹೋದವು, ಆದರೆ ಬಹುಪಾಲು ಜೀನ್‌ಗಳು ಮೊದಲ ದಿನ ಹೆಚ್ಚು ಅಲುಗಾಡಲಿಲ್ಲ. ಹಾಗಂತ ಇದು ಇಲ್ಲದೆ ನಡೆಯುತ್ತದೆ ಅಂತಲ್ಲ, ಜೀನ್‌ನ ಎರಡೂ ಪ್ರತಿ ಇಲ್ಲದ ಇಲಿ ಭ್ರೂಣ ಗರ್ಭಕೋಶಕ್ಕೆ ಅಂಟಿಕೊಳ್ಳುವ ಮೊದಲೇ ಸಾಯುತ್ತದೆ. ಮನುಷ್ಯರಲ್ಲಿ ಒಂದು ಪ್ರತಿ ಕೆಟ್ಟರೂ ಬುದ್ಧಿ ಬೆಳವಣಿಗೆ ಕುಂಠಿತವಾಗಬಹುದು, ಇದು 2013ರಲ್ಲಿ ವರದಿಯಾಯಿತು. ಯಾರದಾದರೂ ಜೆನೆಟಿಕ್ ರಿಪೋರ್ಟ್ ನೋಡಿ ಈ ಪ್ರಶ್ನೆ ಕೇಳಿದ್ದರೆ ಸುಮ್ನೆ ಇಲ್ಲಿ ಓದಿ ತೀರ್ಮಾನಕ್ಕೆ ಬರಬೇಡಿ, ಎಲ್ಲ ಬದಲಾವಣೆಯೂ ತೊಂದರೆ ಕೊಡುವುದಿಲ್ಲ, ಜೆನೆಟಿಕ್ ಕೌನ್ಸೆಲರ್ ಹತ್ತಿರ ತೋರಿಸಿ.

ಅಂದ ಹಾಗೆ ಹುಡುಕುವಾಗ ಸಿಟಿಸಿಎಫ್‌ಎಲ್ ಅಂತ ಕಂಡರೆ ಅದು ಬೇರೆ ಜೀನ್. ಇದರ ಸಂಬಂಧಿಯೇ, ಆದರೆ 20ನೇ ಕ್ರೋಮೋಸೋಮ್‌ನಲ್ಲಿದೆ, ಸಾಮಾನ್ಯವಾಗಿ ವೃಷಣದಲ್ಲಿ ಮಾತ್ರ ಕೆಲಸ ಮಾಡುತ್ತದೆ.