ಓದುಗರ ಪ್ರಶ್ನೆ: ನೋಟ ಬೆಳಗ್ಗೆಗಿರಲಿ, ಟೆಂಟ್ ಜಾಗ ರಾತ್ರಿಗೆ ಆರಿಸಿ

ಪ್ರಶ್ನೆ: ನಾವಿರುವುದು ಹಾಸನದಲ್ಲಿ. ಡಿಸೆಂಬರ್‌ನ ಒಂದು ಶನಿವಾರ ಹೊರಟು ಭಾನುವಾರ ಸಂಜೆ ವಾಪಸ್ ಬರಬೇಕು. ಜೊತೆಗೆ ಆರು, ಒಂಬತ್ತು ವರ್ಷದ ಮಕ್ಕಳು. ಸಣ್ಣ ಕಾರು, ಸ್ವಂತ ಟೆಂಟ್ ಇದೆ. ಮುಳ್ಳಯ್ಯನಗಿರಿ ಮೇಲೆ ಟೆಂಟ್ ಹಾಕಬಹುದೇ? ಇಲ್ಲವಾದರೆ ಎಲ್ಲಿ?

ಉತ್ತರ: ಮುಳ್ಳಯ್ಯನಗಿರಿ ಬೇಡ. ಅಲ್ಲಿ ರಾತ್ರಿ ಟೆಂಟ್ ಹಾಕಲು ಬಿಡುವುದಿಲ್ಲ. ಬಿಟ್ಟರೂ 1,930 ಮೀಟರ್ ಎತ್ತರದ ಬೋಳು ಗುಡ್ಡದಲ್ಲಿ ಗಾಳಿಗೆ ಮರೆಯಿಲ್ಲ. ಮಂಜರಾಬಾದ್ ಕೋಟೆ, ಬಿಸಿಲೆ ವ್ಯೂಪಾಯಿಂಟ್ ಕೂಡ ಹಾಗೆಯೇ, ಹಗಲು ನೋಡಿ ಬರುವ ಜಾಗಗಳು.

ನಿಮಗೆ ಹೊಂದುವುದು ಸಕಲೇಶಪುರ ಸುತ್ತಿನ ಕಾಫಿ ತೋಟದ ಹೋಂಸ್ಟೇ, ಅಂಗಳದಲ್ಲಿ ಟೆಂಟ್‌ಗೆ ಜಾಗ ಕೊಡುವಂಥದ್ದು. ಹಾಸನದಿಂದ ಸಕಲೇಶಪುರ ಪೇಟೆಗೆ ಸುಮಾರು 40 ಕಿ.ಮೀ., ಒಂದು ಗಂಟೆಯ ದಾರಿ. ಅಲ್ಲಿಂದಾಚೆ ಕಿ.ಮೀ. ಲೆಕ್ಕ ನಂಬಬೇಡಿ, ತೋಟದ ರಸ್ತೆಯಲ್ಲಿ 15 ಕಿ.ಮೀ.ಗೇ ಮುಕ್ಕಾಲು ಗಂಟೆ ಹಿಡಿಯುತ್ತದೆ. ಸಂಜೆ ನಾಲ್ಕಕ್ಕೆ ಜಾಗ ಸೇರುವ ಹಾಗೆ ಹೊರಡಿ. ಕತ್ತಲಲ್ಲಿ ಆ ರಸ್ತೆ ಬೇಡ ಅನ್ನುವುದು ಗುಂಡಿಗೆ ಹೆದರಿ ಅಲ್ಲ, ಆನೆಗೆ.

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಕಾಡಾನೆಗಳು ತೋಟದೊಳಗೇ ಠಿಕಾಣಿ ಹೂಡುತ್ತವೆ. ಬುಕ್ ಮಾಡುವಾಗ ‘ಆನೆ ಬರುತ್ತಾ?’ ಎಂದರೆ ‘ಇಲ್ಲ ಸಾರ್’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ಕೊನೇ ಸಲ ಯಾವಾಗ ಬಂದಿತ್ತು, ಯಾವ ಕಡೆ ದಾಟಿತು?’ ಎಂದು ಕೇಳಿ. ಮಾಲೀಕರು ಬೆಂಗಳೂರಿನಲ್ಲಿದ್ದರೆ ತೋಟದ ರೈಟರ್ (ಅಲ್ಲೇ ಇದ್ದು ಕೆಲಸ, ಲೆಕ್ಕ ನೋಡಿಕೊಳ್ಳುವವರು) ನಂಬರ್ ತೆಗೆದುಕೊಳ್ಳಿ, ನಿಜ ಸಂಗತಿ ಅವರಿಗೇ ಗೊತ್ತು. ಟೆಂಟ್ ಮನೆಯಿಂದ ಕೂಗಳತೆಯಲ್ಲಿರಲಿ. ಉಪ್ಪು, ಅಕ್ಕಿ, ಬಾಳೆಹಣ್ಣನ್ನು ಟೆಂಟಿನಲ್ಲಿ ಇಡದೆ ಮನೆಯವರ ಅಡುಗೆಮನೆಯಲ್ಲಿಡಿ.

ಜಾಗ ತೋರಿಸಿದಾಗ ಕಣಿವೆಯ ಕಡೆ ಕಣ್ಣು ಹಾಯಿಸುವ ಮೊದಲು ತಲೆಯೆತ್ತಿ ನೋಡಿ. ಕಾಫಿಗೆ ನೆರಳಾಗಿ ಬೆಳೆಸುವ ಸಿಲ್ವರ್ ಓಕ್ ಮರದ ಕೊಂಬೆ ಪೆಡಸು, ಗಾಳಿಗೆ ಲಟಕ್ಕನೆ ಮುರಿಯುತ್ತದೆ. ಒಣಕೊಂಬೆಯ ಮರದಡಿ ಟೆಂಟ್ ಬೇಡ. ಆಮೇಲೆ ನೆಲ: ತಗ್ಗು, ಒಣಗಿದ ಹಳ್ಳ, ಚರಂಡಿ ಬಾಯಿ ಬಿಟ್ಟು ಸ್ವಲ್ಪ ಎತ್ತರದ ಕಡೆ ಸರಿಯಿರಿ. ತುಸು ಇಳಿಜಾರಿದ್ದರೆ ತಲೆ ಮೇಲಕ್ಕೆ ಬರುವಂತೆ ಮಲಗಿ, ಅಡ್ಡ ಮಲಗಿದರೆ ರಾತ್ರಿಯಿಡೀ ಮಕ್ಕಳು ನಿಮ್ಮ ಮೇಲೆ ಉರುಳುತ್ತಿರುತ್ತಾರೆ. ಸಮತಟ್ಟೆಂದು ಕಾಫಿ ಕಣಕ್ಕೆ ಆಸೆಪಡಬೇಡಿ. ಸಿಮೆಂಟಿಗೆ ಗೂಟ ಇಳಿಯುವುದಿಲ್ಲ, ಮೇಲಾಗಿ ಡಿಸೆಂಬರ್ ಎಂದರೆ ಅರೇಬಿಕಾ ಕೊಯ್ಲಿನ ಕಾಲ, ಕಣದ ತುಂಬ ಹಣ್ಣು ಹರಡಿರುತ್ತದೆ. ಗೂಟದ ತಲೆ ಟೆಂಟಿನಿಂದ ಹೊರಕ್ಕೆ ವಾಲಿರಬೇಕು, ಸುಮಾರು 45 ಡಿಗ್ರಿ. ನೆಟ್ಟಗೆ ಹೊಡೆದರೆ ಹಗ್ಗ ಜಗ್ಗಿದಂತೆ ಸಡಿಲವಾಗಿ ಕಿತ್ತು ಬರುತ್ತದೆ.

ಚಳಿಗೆ ಕಂಬಳಿ ಮೇಲೆ ಕಂಬಳಿ ಹೊರುವವರೇ ಹೆಚ್ಚು. ಮೈಯ ಬಿಸಿಯನ್ನು ಹೀರುವುದು ನೆಲ. ತಲಾ ಒಂದು ದಪ್ಪ ಫೋಮ್ ಮ್ಯಾಟ್ ಕೆಳಗಿರಲಿ, ಆಮೇಲೆ ಹೊದಿಕೆಯ ಮಾತು.

ಪ್ರಶ್ನೆ: ಮಳೆಯಿಲ್ಲದ ರಾತ್ರಿಯೂ ಟೆಂಟಿನ ಒಳಗೆ ನೀರು ತೊಟ್ಟಿಕ್ಕುತ್ತದೆ. ಬಟ್ಟೆ ಸೋರುತ್ತಿದೆಯೇ?

ಉತ್ತರ: ಹೆಚ್ಚಾಗಿ ಅದು ನಿಮ್ಮ ಉಸಿರಿನದೇ ನೀರು. ಚಳಿಗೆಂದು ಜಿಪ್ ಪೂರ್ತಿ ಎಳೆದರೆ ಒಳಗಿನ ತೇವ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಮೇಲಿನ ಗಾಳಿಕಿಂಡಿ ತೆರೆದು, ಬಾಗಿಲಿನ ಜಿಪ್ಪನ್ನು ನಾಲ್ಕು ಬೆರಳು ಬಿಡಿ. ಹೊರಹೊದಿಕೆ ಒಳಬಟ್ಟೆಗೆ ಅಂಟದಂತೆ ಹಗ್ಗ ಬಿಗಿಯಿರಿ. ಒದ್ದೆ ಬಟ್ಟೆ ಒಳಗೆ ಒಣಹಾಕಬೇಡಿ. ತಳ ಮಾತ್ರ ಒದ್ದೆಯೆಂದರೆ ಕೆಳಗೆ ಹಾಸಿದ ಟಾರ್ಪಾಲ್ ನೋಡಿ: ಅಂಚು ಟೆಂಟಿನಿಂದಾಚೆ ಚಾಚಿದ್ದರೆ ಇಬ್ಬನಿಯೆಲ್ಲ ಅದರ ಮೇಲೆ ಬಿದ್ದು ಒಳಕ್ಕೆ ಹರಿಯುತ್ತದೆ. ಅಂಚನ್ನು ಮಡಚಿ ಟೆಂಟಿನ ತಳದಡಿ ಸೇರಿಸಿ.

ಪ್ರಶ್ನೆ: ಗೊರೂರು ಹಿನ್ನೀರಿನ ದಂಡೆಗೆ ಕಾರು ಇಳಿಸಿ, ಅಲ್ಲೇ ಟೆಂಟ್ ಹಾಕಬಹುದೇ?

ಉತ್ತರ: ಬೇಡ. ಆ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಪಾಳು ಇಗರ್ಜಿಯ (ಚರ್ಚ್) ಬಳಿ ನೀರು ಇಳಿದಾಗ ನೆಲ ಮೇಲೆ ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುತ್ತದೆ, ಕೆಳಗೆ ಕೆಸರೇ. ಚಕ್ರ ಹೂತರೆ ಟ್ರ್ಯಾಕ್ಟರ್ ಹುಡುಕಬೇಕು. ಹುಲ್ಲು ಬೆಳೆದಿರುವ ಗೆರೆಗಿಂತ ಮೇಲಕ್ಕೇ ಕಾರು ನಿಲ್ಲಿಸಿ, ನಡೆದು ಹೋಗಿ ನೋಡಿ, ಕತ್ತಲಾಗುವ ಮೊದಲು ಮನೆಗೆ ಹೊರಡಿ. ಹಾಸನ ಹೇಗೂ ಹತ್ತಿರವೇ ಇದೆ.